ಕ್ರಮಸಂಖ್ಯೆ 38

ಬೆಂಗಳೂರಿನಲ್ಲಿ ಯಾರಾದ್ರೂ "ನಿಮ್ಮೂರು ಯಾವ್ದು?" ಅಂತ ಕೇಳಿದಾಗ "ಸುರಪುರ" ಅಂದ್ರೆ ಹತ್ತರಲ್ಲಿ ಎಂಟು ಜನ "ಎಲ್ಲಿ ಬರುತ್ತೆ ಅದು?" ಅಂತಾರೆ. "ಯಾದಗಿರಿ ಜಿಲ್ಲೆ" ಅಂದ್ರೆ ಅರ್ಧ ಜನ ಮೊಬೈಲ್ ತೆಗೆದು ಮ್ಯಾಪ್ ನೋಡ್ತಾರೆ. ಅವರ ತಪ್ಪೇನಿಲ್ಲ. 2010ರವರೆಗೆ ನಮ್ಮದು ಜಿಲ್ಲೆಯೇ ಆಗಿರಲಿಲ್ಲ, ಗುಲ್ಬರ್ಗಾದ ಒಂದು ಮೂಲೆಯಾಗಿದ್ವಿ. ಉಳಿದ ಇಬ್ಬರು ಒಂಚೂರು ಇತಿಹಾಸ ಓದಿದವರು. ನನಗೆ ಕಷ್ಟ ಬರೋದು ಅವರಿಂದ್ಲೇ.

"ಓ, ಸುರಪುರದ ನಾಯಕರಾ? ರಾಜಮನೆತನದವರಾ?" ಅಂತ ಮುಖ ಅರಳಿಸ್ತಾರೆ. ಅಲ್ಲ ಅಂತೀನಿ. ನಮ್ಮಜ್ಜ ಹತ್ತಿ, ಸಜ್ಜೆ, ತೊಗರಿ ಬೆಳೀತಿದ್ದ. ಅವನ ಅಜ್ಜನ ಕೈಯಾಗ ಬಂದೂಕಿತ್ತಂತೆ, ಅಷ್ಟೇ. ಆಮೇಲೆ ಯಾವತ್ತೋ ಕ್ಯಾಂಟೀನಿನಲ್ಲಿ ಮೀಸಲಾತಿ ಮಾತು ಬಂದಾಗ ಅದೇ ಮನುಷ್ಯ ಟೀ ಲೋಟ ಕೆಳಗಿಟ್ಟು ಕೇಳ್ತಾನೆ: "ಒಂದ್ನಿಮಿಷ, ರಾಜರಾಗಿದ್ದವರು ಎಸ್‌ಟಿ ಹೇಗಾಗ್ತಾರೆ?"

ಕೇಳೋ ಧಾಟಿ ಬಿಡಿ, ಪ್ರಶ್ನೆ ಮಾತ್ರ ಕೆಟ್ಟದ್ದಲ್ಲ. ಬಹಳ ವರ್ಷ ಇದಕ್ಕೆ ನನ್ನ ಹತ್ರ ಸಿಟ್ಟಿತ್ತು, ಉತ್ತರ ಇರಲಿಲ್ಲ. ಉತ್ತರ ಹುಡುಕೋ ದಾರಿ ಸಿಕ್ಕಿದ್ದು ಕೆನಡಾದಿಂದ ಅಂದ್ರೆ ನಗಬೇಡಿ.

ನಮ್ಮ ಕಂಪನಿಯ ಒಂದು ತಂಡ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವ್ಯಾಂಕೂವರ್‌ನಲ್ಲಿದೆ. ದೊಡ್ಡ ಮೀಟಿಂಗ್ ಇದ್ದಾಗಲೆಲ್ಲ ಅಲ್ಲಿಯವರು ಮೊದಲು ಒಂದು ಮಾತು ಹೇಳ್ತಾರೆ: ನಾವು ಕೂತಿರುವ ಈ ನೆಲ ಮಸ್ಕ್ವೀಮ್, ಸ್ಕ್ವಾಮಿಶ್, ಸ್ಲೇ-ವಾಟೂತ್ ಜನರದ್ದು, ಅವರು ಇದನ್ನು ಯಾವ ಒಪ್ಪಂದದಲ್ಲೂ ಯಾರಿಗೂ ಬಿಟ್ಟುಕೊಟ್ಟಿಲ್ಲ ಅಂತ. ನಮ್ಮ ಕಡೆಯವರು ಮ್ಯೂಟ್ ಮಾಡ್ಕೊಂಡು "ಹಂಗಾದ್ರೆ ಆಫೀಸಿನ ಬಾಡಿಗೆ ಅವ್ರಿಗೇ ಕೊಡ್ಲಿ" ಅಂತ ನಗ್ತಾರೆ. (ಜೋಕ್ ಚೆನ್ನಾಗಿದೆ. ಅಲ್ಲಿನ ಮೂಲನಿವಾಸಿಗಳೂ ಹೆಚ್ಚು ಕಡಿಮೆ ಅದನ್ನೇ ಕೇಳ್ತಿರೋದು.) ನನ್ನ ಕಿವಿಗೆ ಬಿದ್ದದ್ದು ಬೇರೆ ಶಬ್ದ. ಅವರನ್ನು ಅಲ್ಲಿ 'ನೇಷನ್' ಅಂತಾರೆ. ಅಂದ್ರೆ ರಾಷ್ಟ್ರ. ಆ ಒಂದೇ ಪ್ರಾಂತ್ಯದಲ್ಲಿ ಇಂಥ ಸುಮಾರು 200 ರಾಷ್ಟ್ರಗಳಿವೆ. ಕೆಲವದರ ಜನಸಂಖ್ಯೆ ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟೂ ಇಲ್ಲ.

ಕೋಟೆ, ದರ್ಬಾರು, ಸೈನ್ಯ, ತೆರಿಗೆ ಎಲ್ಲಾ ಇದ್ದ ನಮ್ಮನ್ನು ಕಾನೂನು ಪಂಗಡ ಅನ್ನುತ್ತೆ. ಕೆಲವು ನೂರು ಜನ ಇರುವ ಅವರನ್ನು ರಾಷ್ಟ್ರ ಅನ್ನುತ್ತೆ. ಯಾಕೆ?

ಮೊದಲು ನಮ್ಮೂರಿನ ಕಥೆ ಹೇಳ್ತೀನಿ. ಕ್ಯಾಂಟೀನಿನ ಮನುಷ್ಯನಿಗೂ ಇದು ಪೂರ್ತಿ ಗೊತ್ತಿರಲ್ಲ.

1705ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದ ಕೋಟೆ ವಾಗಿನಗೇರಾ. ಸುರಪುರದ ಪಕ್ಕದ್ದೇ. ಆಗ ಅವನಿಗೆ ಎಂಬತ್ತು ದಾಟಿ ಆರೋ ಏಳೋ ವರ್ಷ. ಬಿಜಾಪುರ, ಗೋಲ್ಕೊಂಡ ಎರಡನ್ನೂ ನುಂಗಿದ ಬಾದಶಹ ಒಬ್ಬ ಬೇಡ ನಾಯಕನ ಗುಡ್ಡದ ಕೋಟೆಯ ಎದುರು ತಾನೇ ಬಂದು ಕೂತ. ಬೇಡರು ಗುರಿ ತಪ್ಪದ ಬಂದೂಕಿನವರು. ಕೋಟೆ ಕೊನೆಗೆ ಬಿತ್ತು, ಆದ್ರೆ ಪಿಡ್ಡ ನಾಯಕ ಕೈಗೆ ಸಿಗಲಿಲ್ಲ. ಬಾದಶಹ ಹತ್ತಿರದ ದೇವಾಪುರದಲ್ಲಿ ಬಿಡಾರ ಹೂಡಿ ಅಲ್ಲೇ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ. ಎರಡು ವರ್ಷದಲ್ಲಿ ಅಹಮದ್‌ನಗರದಲ್ಲಿ ತೀರಿಹೋದ. ಅವನು ಖುದ್ದಾಗಿ ಹಾಕಿದ ಕಡೇ ಮುತ್ತಿಗೆ ನಮ್ಮದೇ. ದೇವಾಪುರಕ್ಕೆ ಈಗ ಹೋದ್ರೆ ಒಂದು ಸಾಧಾರಣ ಹಳ್ಳಿ, ಬಸ್ ನಿಂತು ಹೋಗುತ್ತೆ.

ಆಮೇಲೆ ಸುರಪುರ ರಾಜಧಾನಿಯಾಯ್ತು. ನಾಯಕರು ನಿಜಾಮನಿಗೆ ಕಪ್ಪ ಕೊಟ್ರು, ಪೇಶ್ವೆಗಳಿಗೂ ಕೊಟ್ರು, ಆದ್ರೆ ಮನೆಯ ಯಜಮಾನಿಕೆ ಮನೆಯೊಳಗೇ ಇತ್ತು. 1841ರಲ್ಲಿ ಅದು ಬದಲಾಯ್ತು. ರಾಜ ತೀರಿಕೊಂಡು ಪಟ್ಟಕ್ಕೆ ಬಂದವನು ಚಿಕ್ಕ ಹುಡುಗ, ವೆಂಕಟಪ್ಪ ನಾಯಕ. ಅವನ ತಾಯಿ ರಾಣಿ ಈಶ್ವರಮ್ಮ ಗಟ್ಟಿ ಹೆಂಗಸು. ವ್ಯವಹಾರ ನೋಡಿಕೊಳ್ಳೋಕೆ ಅಂತ ಬಂದವನು ಕ್ಯಾಪ್ಟನ್ ಮೆಡೋಸ್ ಟೇಲರ್. 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಬರೆದವನೇ.

ಟೇಲರ್ ಬಗ್ಗೆ ನಮ್ಮೂರಲ್ಲಿ ಕೆಟ್ಟ ಮಾತು ಕಡಿಮೆ. ಗುಡ್ಡದ ಮೇಲೆ ಅವನ ಬಂಗಲೆ ಇನ್ನೂ ಇದೆ, ಟೇಲರ್ ಮಂಜಿಲ್ ಅಂತ. ಬೋನಾಳ ಕೆರೆಗೆ ಹಕ್ಕಿ ನೋಡೋಕೆ ಹೋದವರಿಗೂ ಅವನ ಹೆಸರು ಕಿವಿಗೆ ಬೀಳುತ್ತೆ. ರಾಜನಾದ ಹುಡುಗ ಅವನನ್ನು "ಅಪ್ಪಾ" ಅಂತಿದ್ದ. 1853ರಲ್ಲಿ ರಾಜ್ಯವನ್ನು ಹುಡುಗನ ಕೈಗೆ ಒಪ್ಪಿಸಿ ಟೇಲರ್ ಹೋದ. ಐದು ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಆ ಹುಡುಗ ಕಂಪನಿ ಸರ್ಕಾರದ ವಿರುದ್ಧ ಎದ್ದು ನಿಂತ. ಕ್ಯಾಪ್ಟನ್ ನ್ಯೂಬೆರಿ ಅನ್ನೋ ಅಧಿಕಾರಿ ಸುರಪುರದ ಕಾಳಗದಲ್ಲಿ ಸತ್ತ. ಇನ್ನಷ್ಟು ಪಡೆ ಬರ್ತಿದೆ ಅಂತ ಗೊತ್ತಾಗಿ ರಾಜ ಹೈದರಾಬಾದಿಗೆ ಹೋದ. ಅಲ್ಲಿ ಸಾಲಾರ್ ಜಂಗ್ ಅವನನ್ನು ಹಿಡಿಸಿ ಇಂಗ್ಲಿಷರಿಗೆ ಒಪ್ಪಿಸಿದ. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ನಾಲ್ಕು ವರ್ಷದ ಸೆರೆ ಅಂತಾಯ್ತು. ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ. ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಅಂತ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ನಮ್ಮನೆಯಲ್ಲಿ ಇದನ್ನು ಯಾರೂ ನಂಬಿಲ್ಲ. "ಕೈಗೆ ಕೋಳ ಹಾಕಿದಾತಗ ಪಿಸ್ತೂಲ ಎಲ್ಲಿಂದ ಸಿಗ್ತದ?" ಅನ್ನೋದು ನಮ್ಮವ್ವನ ಪ್ರಶ್ನೆ. ಕೋಳ ಹಾಕಿದ್ರೋ ಇಲ್ಲವೋ, ಅವ್ವ ನೋಡಿದವಳೇನಲ್ಲ. ಆದ್ರೆ ಅವಳ ಸಂಶಯದ ಬೇರು ನನಗೆ ಅರ್ಥವಾಗುತ್ತೆ. ಆ ಹುಡುಗನ ಬಾಲ್ಯ, ಅವನ ತಾಯಿಯ ಸ್ವಭಾವ, ಸೆರೆಯಲ್ಲಿ ಅವನು ಅತ್ತದ್ದು, ಎಲ್ಲಾ ನಮಗೆ ಸಿಕ್ಕಿರೋದು ಮುಖ್ಯವಾಗಿ ಒಬ್ಬನೇ ಮನುಷ್ಯನ ಇಂಗ್ಲಿಷಿನಲ್ಲಿ. ಅವನಿಗೆ ಹುಡುಗನ ಮೇಲೆ ಪ್ರೀತಿ ಇತ್ತು, ಅದನ್ನು ನಾನು ಅಲ್ಲಗಳೆಯಲ್ಲ. ಅವನು ಆ ಸರ್ಕಾರದ ನೌಕರನೂ ಆಗಿದ್ದ. ದಂಗೆ ಅಡಗಿದ ಮೇಲೆ ಸುರಪುರದ ಆಡಳಿತಕ್ಕೆ ಮತ್ತೆ ಬಂದವನೂ ಅವನೇ.

1860ರಲ್ಲಿ ಸಂಸ್ಥಾನದ ಕಥೆ ಮುಗೀತು. 1857ರಲ್ಲಿ ನಿಯತ್ತಾಗಿ ಇದ್ದದ್ದಕ್ಕೆ ಇಂಗ್ಲಿಷರು ಹೈದರಾಬಾದಿನ ನಿಜಾಮನಿಗೆ ಸುರಪುರವನ್ನು ಇನಾಮು ಕೊಟ್ರು. ಊರು, ಕೆರೆ, ಗುಡ್ಡ, ಜನ ಎಲ್ಲಾ ಸೇರಿಸಿ.

ಅರಮನೆ ಒಂದು ಮನೆತನದ್ದು. ಕೋಟೆ ಕಾದವರು, ಬಂದೂಕು ಹಿಡಿದವರು ಸಾವಿರಾರು ಮನೆಯವರು. ದೊರೆ ಹೋದ ಮೇಲೆ ಅವರ ಕಸುಬೇ ಹೋಯ್ತು. ಮುಧೋಳದ ಹತ್ತಿರ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲ್ಲ ಅಂತ ಹಟ ಹಿಡಿದದ್ದೂ ಇದಕ್ಕೇ. ಅವರಿಗೆ ಅದು ಗೋಡೆಯ ಅಲಂಕಾರವಲ್ಲ, ಹೊಟ್ಟೆಯ ಪಾಡು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದ್ರು. ರಾಜರಾಗಿದ್ದವರು ಎಸ್‌ಟಿ ಹೇಗೆ ಅನ್ನೋವ್ರಿಗೆ ನನ್ನ ಉತ್ತರದ ಅರ್ಧ ಭಾಗ ಇಲ್ಲೇ ಇದೆ. ರಾಜ ಒಬ್ಬನೇ ಇದ್ದ ಸ್ವಾಮಿ, ಉಳಿದವರು ನಾವು. ನಿಮ್ಮ ಅಪಾರ್ಟ್‌ಮೆಂಟಿನ ಎದುರು ಕಟ್ಟಡ ಏಳ್ತಾ ಇದ್ರೆ ಅಲ್ಲಿ ಶೀಟಿನ ಗುಡಿಸಲಿನವರನ್ನು ಒಮ್ಮೆ ಮಾತಾಡಿಸಿ ನೋಡಿ. ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಗುಳೆ ಬಂದವರು ಸಿಗ್ತಾರೆ. ಕೃಷ್ಣಾ ನದಿ, ನಾರಾಯಣಪುರ ಅಣೆಕಟ್ಟು, ಎಡದಂಡೆ ಕಾಲುವೆ ಎಲ್ಲಾ ಇದ್ದೂ.

ಈಗ ಕೆನಡಾ. ಸುರಪುರದ ರಾಜ ಸೆರೆಯಾದ 1858ರಲ್ಲೇ, ಆಗಸ್ಟ್ 2ರಂದು, ಲಂಡನ್ನಿನಲ್ಲಿ ಎರಡು ಕಾಯಿದೆಗಳಿಗೆ ರಾಣಿಯ ಅಂಕಿತ ಬಿತ್ತು. ಒಂದು, ಭಾರತವನ್ನು ಕಂಪನಿಯಿಂದ ರಾಣಿಯ ಕೈಗೆ ಕೊಟ್ಟದ್ದು. ಇನ್ನೊಂದು, ಬ್ರಿಟಿಷ್ ಕೊಲಂಬಿಯಾ ಅನ್ನೋ ವಸಾಹತನ್ನು ಹುಟ್ಟಿಸಿದ್ದು. ಒಂದೇ ಪಾರ್ಲಿಮೆಂಟು, ಒಂದೇ ದಿನ. ಅಲ್ಲಿ ಫ್ರೇಸರ್ ನದಿಯ ದಂಡೆಯಲ್ಲಿ ಚಿನ್ನ ಸಿಕ್ಕಿತ್ತು, ಸಾವಿರಾರು ಜನ ನುಗ್ತಾ ಇದ್ರು, ಅದಕ್ಕೆ ಅವಸರ.

ಕೆನಡಾದ ಬೇರೆ ಕಡೆ ಸರ್ಕಾರ ಮೂಲನಿವಾಸಿಗಳ ಜೊತೆ ಕಾಗದದ ಮೇಲೆ ಒಪ್ಪಂದ ಮಾಡ್ಕೊಂಡು ನೆಲ ತಗೊಳ್ತು. ಬ್ರಿಟಿಷ್ ಕೊಲಂಬಿಯಾದ ಬಹುಪಾಲಿನಲ್ಲಿ ಆ ಕಷ್ಟವನ್ನೂ ತಗೊಳ್ಳಲಿಲ್ಲ, ಸುಮ್ನೆ ತಗೊಂಡುಬಿಟ್ರು. ಆ ಉಡಾಫೆಯೇ ಈಗ ಅಲ್ಲಿನ ಸರ್ಕಾರದ ಕುತ್ತಿಗೆಗೆ ಬಂದಿದೆ. ಕೊಟ್ಟಿದ್ದೇವೆ ಅಂತ ನಾವು ಎಲ್ಲಿ ಸಹಿ ಹಾಕಿದ್ದೇವೆ ತೋರಿಸಿ ಅಂತ ಅವರು ಕೋರ್ಟಿಗೆ ಹೋದ್ರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಚಿಲ್ಕೋಟಿನ್ ಜನರಿಗೆ ಸುಮಾರು 1,750 ಚದರ ಕಿಲೋಮೀಟರ್ ನೆಲ ಅವರದ್ದೇ ಅಂತ ಹೇಳಿತು. 2024ರಲ್ಲಿ ಹೈಡಾ ದ್ವೀಪಗಳ ಮೇಲೆ ಹೈಡಾ ಜನರ ಹಕ್ಕನ್ನು ಪ್ರಾಂತ್ಯದ ಸರ್ಕಾರವೇ ಒಪ್ಪಿಕೊಂಡಿತು. 'ನೇಷನ್' ಅನ್ನೋ ಶಬ್ದಕ್ಕೆ ಅಲ್ಲಿ ಇಷ್ಟು ತೂಕ. ರಾಷ್ಟ್ರ ಅಂತ ಕರೆಸಿಕೊಂಡವರು ನೆಲ ಕೇಳ್ತಾರೆ, ನದಿ ಕೇಳ್ತಾರೆ, ಮಾತುಕತೆಗೆ ಸರಿಸಮನಾಗಿ ಎದುರಿನ ಕುರ್ಚಿ ಕೇಳ್ತಾರೆ.

ಪಂಗಡ ಅಂತ ಕರೆಸಿಕೊಂಡ ನಾವು ಪರ್ಸೆಂಟ್ ಕೇಳ್ತೀವಿ. ಹೀಗಂದೆ ಅಂತ ಪರ್ಸೆಂಟನ್ನು ಹಗುರ ಮಾಡ್ತಿಲ್ಲ. ನಾನು ಓದಿದ್ದು ಅದರಿಂದ್ಲೇ, ನನ್ನ ಕೆಲಸದ ಮೊದಲ ಮೆಟ್ಟಿಲೂ ಅದೇ. 2022ರಲ್ಲಿ ರಾಜ್ಯದಲ್ಲಿ ಎಸ್‌ಟಿ ಮೀಸಲಾತಿ ಶೇ 3ರಿಂದ ಶೇ 7ಕ್ಕೆ ಏರಿತು. ಅದಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ರು, ಬಿಸಿಲಿನಲ್ಲಿ. ಸುರಪುರ ವಿಧಾನಸಭಾ ಕ್ಷೇತ್ರ ಎಸ್‌ಟಿಗೆ ಮೀಸಲು. ಕೆನಡಾದ ಮೂಲನಿವಾಸಿಗಳಿಗೆ ತಮ್ಮ ಸ್ಥಾನ ಬಿಟ್ಟುಕೊಡದೆ ದೇಶದ ಚುನಾವಣೆಯಲ್ಲಿ ವೋಟು ಹಾಕೋ ಹಕ್ಕು ಎಲ್ಲರಿಗೂ ಸಿಕ್ಕಿದ್ದು 1960ರಲ್ಲಿ. ನಮ್ಮಜ್ಜ 1952ರಲ್ಲೇ ಹಾಕಿದ್ದ.

ನಾವು ನೆಲ ಕೇಳೋಕಾಗುತ್ತಾ ಅಂತಲೂ ಯೋಚಿಸಿ ನೋಡಿದ್ದೀನಿ. ಆಗಲ್ಲ, ಕೇಳಲೂಬಾರದು. ಸುರಪುರ ಸಂಸ್ಥಾನದಲ್ಲಿ ಬೇಡರು ಮಾತ್ರ ಇದ್ರಾ? ಕಬ್ಬಲಿಗರು, ಕುರುಬರು, ಲಿಂಗಾಯತರು, ಹೊಲೆಯ ಮಾದಿಗರು, ಮುಸ್ಲಿಮರು ಎಲ್ಲರೂ ಅದೇ ಮಣ್ಣಿನಲ್ಲಿ ಬೆವರು ಸುರಿಸಿದವರು, ನಮ್ಮ ದೊರೆಗೆ ತೆರಿಗೆ ಕಟ್ಟಿದವರು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಸಾಲುಸಾಲಾಗಿ ನಿಲ್ಲಿಸಿದ ನೂರಾರು ಬಂಡೆಗಳಿವೆ, ರಾಜನಕೋಳೂರಿನಲ್ಲಿ ಕಲ್ಲಿನ ಗೋರಿಮನೆಗಳಿವೆ. ಅವುಗಳ ಬಗ್ಗೆ ಮೊದಲು ಬರೆದವರಲ್ಲೂ ಟೇಲರ್ ಇದ್ದಾನೆ. (ಆ ಮನುಷ್ಯ ಯಾವುದನ್ನೂ ಬಿಟ್ಟಿಲ್ಲ.) ಅವನ್ನು ನೆಟ್ಟವರು ನಾಯಕರ ಕೋಟೆಗಿಂತ ಸಾವಿರಾರು ವರ್ಷ ಹಿಂದಿನವರು. ಕೆನಡಾದಲ್ಲಿ ಹೊರಗಿನವರು ಹಡಗಿನಿಂದ ಇಳಿದ ತಾರೀಖು ದಾಖಲೆಯಲ್ಲಿದೆ. ನಮ್ಮಲ್ಲಿ ಯಾರು ಮೂಲ ಅಂತ ಅಗೆಯೋಕೆ ಹೋದ್ರೆ ಗುಂಡಿ ಮುಗಿಯಲ್ಲ.

ನಮ್ಮ ರಾಜ್ಯದಲ್ಲಿ ಕೆನಡಾದ ಪಕ್ಕದಲ್ಲಿ ನಿಲ್ಲಿಸಬೇಕಾದವರು ಬೇರೆ ಇದ್ದಾರೆ. ನಾಗರಹೊಳೆಯ ಕಾಡಿನಿಂದ ಹೊರಗೆ ಹಾಕಿಸಿಕೊಂಡ ಜೇನು ಕುರುಬರು ಇದ್ದಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡಿನಲ್ಲೇ ಸಮುದಾಯದ ಅರಣ್ಯ ಹಕ್ಕು ಪಡೆದ ಸೋಲಿಗರಿದ್ದಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಎಸ್‌ಟಿ ಜನ 42 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸುಮಾರು 33 ಲಕ್ಷ ನಾಯಕ ಗುಂಪಿನವರೇ. ಜೇನು ಕುರುಬರು 36 ಸಾವಿರದ ಆಸುಪಾಸು, ಕೊರಗರು 15 ಸಾವಿರವೂ ಇಲ್ಲ. ಒಂದೇ ಪಟ್ಟಿ, ಒಂದೇ ಪಂಕ್ತಿ. ನಾವು ತಟ್ಟೆ ಹಿಡಿದು ನಿಂತಾಗ ಹಿಂದಿನವರಿಗೆ ಎಷ್ಟು ಉಳಿಯುತ್ತೆ ಅನ್ನೋ ಮಾತನ್ನು ನಮ್ಮ ಸಭೆಗಳಲ್ಲಿ ನಾನು ಇನ್ನೂ ಕೇಳಿಲ್ಲ. ನಮ್ಮವರಿಗೆ ಇದು ಹಿಡಿಸಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಆ ಪಟ್ಟಿಯನ್ನು ನೀವು ಯಾವತ್ತಾದ್ರೂ ಓದಿದ್ದೀರಾ? ಕರ್ನಾಟಕದ ಎಸ್‌ಟಿ ಪಟ್ಟಿಯಲ್ಲಿ ನಾವು ಕ್ರಮಸಂಖ್ಯೆ 38. ಶುರುವಾಗೋದು ನಾಯ್ಕಡ, ನಾಯಕ ಅಂತ. ಮುಂದೆ ಚೋಳಿವಾಲಾ ನಾಯಕ, ಕಾಪಡಿಯಾ ನಾಯಕ, ಮೋಟಾ ನಾಯಕ, ನಾನಾ ನಾಯಕ. ಮೋಟಾ ಅಂದ್ರೆ ಗುಜರಾತಿಯಲ್ಲಿ ದೊಡ್ಡ, ನಾನಾ ಅಂದ್ರೆ ಚಿಕ್ಕ. ಹಳೇ ಬಾಂಬೆ ಪ್ರಾಂತ್ಯದ ಪಟ್ಟಿಯ ಗುಜರಾತದ ಕಡೆಯ ಹೆಸರುಗಳು ಹಾಗೇ ನಮ್ಮಲ್ಲಿಗೂ ಬಂದು ಕೂತಿವೆ. ಬೇಡ, ಬೇಡರ್, ವಾಲ್ಮೀಕಿ ಅನ್ನೋ ಹೆಸರುಗಳು ಸೇರಿದ್ದು 1991ರಲ್ಲಿ, ಸಾಲಿನ ಕೊನೆಗೆ. ಔರಂಗಜೇಬನ ದಂಡು ತಿಂಗಳಾನುಗಟ್ಟಲೆ ಕಾದು ಕೂತ ಹೆಸರು ಅದು. ಭಾರತ ಸರ್ಕಾರದ ಪಟ್ಟಿಗೆ ಬರೋಕೆ ಗುಜರಾತಿ ಹೆಸರುಗಳ ಬೆನ್ನು ಹಿಡಿದು ನಿಲ್ಲಬೇಕಾಯ್ತು.

ಆ 1991ಕ್ಕೆ ಮೊದಲು ನಮ್ಮನೆಯಲ್ಲಿ ಏನಾಗಿತ್ತು ಗೊತ್ತಾ? ಅಪ್ಪನ ಶಾಲೆಯ ದಾಖಲೆಯಲ್ಲಿ 'ಬೇಡರ', ಚಿಕ್ಕಪ್ಪನದ್ದರಲ್ಲಿ 'ನಾಯಕ'. ಹೆಸರು ಹಚ್ಚೋಕೆ ಒಂದು ವರ್ಷ ಅಜ್ಜ ಹೋಗಿದ್ದ, ಇನ್ನೊಂದು ವರ್ಷ ಪಕ್ಕದ ಮನೆಯವರು ಹೋಗಿದ್ರು. ಹೆಡ್ ಮಾಸ್ತರ್ ಕಿವಿಗೆ ಬಿದ್ದದ್ದನ್ನು ಬರ್ಕೊಂಡ್ರು. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಪಟ್ಟಿಯ ಒಳಗೆ, ಒಬ್ಬ ಹೊರಗೆ. ಹಾವನೂರು ಆಯೋಗದ ಎಲ್.ಜಿ. ಹಾವನೂರು ನಮ್ಮದೇ ಸಮುದಾಯದವರು. ಅವರ ವರದಿ 1975ರಲ್ಲಿ ಬಂದಾಗ ಅಪ್ಪನಿಗೆ ಆಗಲೇ ಪರೀಕ್ಷೆ, ನೌಕರಿ ಎರಡರ ವಯಸ್ಸೂ ದಾಟ್ತಾ ಇತ್ತು.

2020ರಲ್ಲಿ ಇದೇ 38ಕ್ಕೆ ಪರಿವಾರ, ತಳವಾರ ಅನ್ನೋ ಇನ್ನೆರಡು ಹೆಸರು ಸೇರಿದವು. ನ್ಯಾಯವೇ. ಆದ್ರೆ ತಳವಾರ ಅನ್ನೋದು ನಮ್ಮ ಕಡೆ ಜಾತಿಯ ಹೆಸರಿಗಿಂತ ಮೊದಲು ಊರ ಕಾವಲಿನ ಕೆಲಸ. ಒಂದೂರಲ್ಲಿ ಬೇಡರ ಮನೆಗೆ ತಳವಾರಿಕೆ, ಮುಂದಿನ ಊರಲ್ಲಿ ಕಬ್ಬಲಿಗರ ಮನೆಗೆ. ಶಹಾಪುರದಲ್ಲಿ ನನ್ನ ಜೊತೆ ಪಿಯುಸಿ ಓದಿದ ಗೆಳತಿ ಕಬ್ಬಲಿಗರ ತಳವಾರಳು. ಅವಳ ತಮ್ಮ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ. ನಮ್ಮ ಸಮುದಾಯದವರು ಅದು ನಾಯಕ ತಳವಾರರಿಗೆ ಮಾತ್ರ ಅಂತ ಪ್ರತಿಭಟನೆ ಮಾಡಿದ್ರು, ಕಲಬುರಗಿ, ವಿಜಯಪುರದ ಕಡೆಯೂ ಇದೇ ಜಗಳ. ಕಾನೂನಿನ ಪ್ರಕಾರ ನಮ್ಮವರ ವಾದದಲ್ಲಿ ಹುರುಳಿದೆ: 38ರಲ್ಲಿ ಬರೆದಿರೋದು ನಾಯಕರ ಪರ್ಯಾಯ ಹೆಸರುಗಳು. ಆದ್ರೆ ಗೆಳತಿ ಫೋನಿನಲ್ಲಿ ಕೇಳಿದಳು: "ನಿಮ್ಮಜ್ಜನೂ ಊರು ಕಾದ, ನಮ್ಮಜ್ಜನೂ ಊರು ಕಾದ. ಅದೇ ದೊಣ್ಣಿ, ಅದೇ ಕಂಬಳಿ. ಏನ್ ಫರಕಾತು ಹೇಳವ್ವಾ?" ಕಾಯಿದೆಯ ಉತ್ತರ ನನಗೆ ಬಾಯಿಪಾಠ ಇತ್ತು. ಹೇಳೋಕೆ ಮನಸ್ಸು ಬರಲಿಲ್ಲ.

ಕೆನಡಾದಲ್ಲೂ ಪಟ್ಟಿ ಇದೆ. 1876ರ 'ಇಂಡಿಯನ್ ಆಕ್ಟ್' ಅಂತ. (ಇಂಡಿಯನ್ ಅಂದ್ರೆ ನಾವಲ್ಲ, ಕೊಲಂಬಸನ ಲೆಕ್ಕ ತಪ್ಪಿದ್ದಕ್ಕೆ ಅವರು.) ಅಲ್ಲಿ ಅವರಿಗೆ ನೋಂದಣಿ ನಂಬರಿನ ಕಾರ್ಡು, ಇಲ್ಲಿ ನಮಗೆ ನಾಡಕಚೇರಿಯ ಆರ್‌ಡಿ ನಂಬರು. ಅವರದ್ದೂ ಯಾರು ಒಳಗೆ, ಯಾರು ಹೊರಗೆ ಅನ್ನೋ ಜಗಳವೇ. ಅದರಲ್ಲಿ ಒಂದು ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1985ರವರೆಗೆ ಅಲ್ಲಿನ ಮೂಲನಿವಾಸಿ ಹೆಣ್ಣು ಹೊರಗಿನವನನ್ನು ಮದುವೆಯಾದ್ರೆ ಅವಳು ಕಾನೂನಿನ ಲೆಕ್ಕದಲ್ಲಿ ಮೂಲನಿವಾಸಿಯಾಗಿ ಉಳೀತಿರಲಿಲ್ಲ. ಅಪ್ಪ ಅಮ್ಮನ ಊರಿನಲ್ಲಿ ಮನೆ ಕಟ್ಟಿಕೊಂಡು ಇರೋ ಹಕ್ಕೂ ಹೋಗ್ತಿತ್ತು. ಗಂಡಸು ಹೊರಗಿನವಳನ್ನು ಮದುವೆಯಾದ್ರೆ ಅವಳಿಗೇ ಆ ಸ್ಥಾನ ಸಿಗ್ತಿತ್ತು.

ನಿದ್ದೆ ಬಾರದ್ದಕ್ಕೆ ಕಾರಣ, ನನ್ನ ಗಂಡ ನಾಯಕರವರಲ್ಲ. ನನ್ನ ಸರ್ಟಿಫಿಕೇಟು ನನ್ನದಾಗಿಯೇ ಉಳಿದಿದೆ, ಮದುವೆಯಿಂದ ಅದಕ್ಕೇನೂ ಆಗಲ್ಲ. ಆ ಮಟ್ಟಿಗೆ ನಮ್ಮ ಕಾನೂನು ಮೇಲು. ಪ್ರಶ್ನೆ ಇರೋದು ಆರು ವರ್ಷದ ಮಗಳದ್ದು. ಮಗು ಅಪ್ಪನ ಜಾತಿಯದ್ದು ಅಂತ ಮೊದಲು ಊಹಿಸ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟು ಆ ಊಹೆಯೇ ಕಡೇ ಮಾತಲ್ಲ, ತಾಯಿಯ ಸಮುದಾಯದಲ್ಲೇ ಬೆಳೆದು ಅವರ ಕಷ್ಟವನ್ನೇ ಉಂಡ ಮಗು ಅದನ್ನು ಸಾಬೀತು ಮಾಡಬಹುದು ಅಂತ ಹೇಳಿತು. ಆ ಕೇಸು ಗುಜರಾತದ್ದು. ಅಲ್ಲಿ ತಾಯಿ ಯಾರು ಅಂತೀರಿ? ನಾಯಕ್ ಪಂಗಡದವಳು. ನಮ್ಮ 38ರ ಸಾಲಿನ ಮೊದಲ ತುದಿಯವರು.

ಮಗಳು ತಾಯಿಯ ಸಮುದಾಯದಲ್ಲಿ ಬೆಳೀತಿದ್ದಾಳೆ ಅಂತ ನಾನು ಹೇಳೋಕಾಗಲ್ಲ. ಅವಳು ಬೆಳೀತಿರೋದು ಬೆಳ್ಳಂದೂರಿನ ಒಂಬತ್ತನೇ ಮಹಡಿಯಲ್ಲಿ. ಅವಳಿಗೆ ಮೀಸಲಾತಿ ಬೇಕು ಅಂತ ನಾನು ಕೇಳಲ್ಲ, ಬೇಡದ ಮಟ್ಟಕ್ಕೆ ಅದೇ ನಮ್ಮನ್ನು ತಂದಿದೆ. ಆದ್ರೆ ಶಾಲೆಯ ಫಾರ್ಮು ತುಂಬುವಾಗ ಜಾತಿಯ ಕಾಲಂನಲ್ಲಿ ಒಂದೇ ಗೆರೆ ಇತ್ತು. ಅಲ್ಲಿ ಗಂಡ ತನ್ನದನ್ನು ಬರೆದ. ನಾನು ಸುಮ್ನೆ ನೋಡ್ತಾ ಇದ್ದೆ. ಅವನಿಗೂ ಗೊತ್ತಾಯ್ತು, ಪೆನ್ನು ಎತ್ತಿ "ನಿಂದೂ ಬರೀಲಾ?" ಅಂದ. ಜಾಗ ಇರಲಿಲ್ಲ.

ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳು ಇದನ್ನೆಲ್ಲ ಅಷ್ಟು ತಲೆಗೆ ಹಚ್ಕೊಳ್ಳಲಿಲ್ಲ. "ಫಾರಮ್ಮಿನಾಗ ಏನರ ಬರಕೋರಿ. ದಸರಾ ಸೂಟಿಗಿ ಕೂಸಿನ್ನ ಇಲ್ಲಿಗಿ ಕಳಸ್ರಿ. ವಾಗಿನಗೇರಿ ಗುಡ್ಡ ಏರಸ್ತೀನಿ, ಮತ್ತ ಆ ಟೇಲರ್ ಸಾಹೇಬನ ಸುಳ್ಳ ಕಥಿ ಮೊದಲs ಹೇಳಿ ಕಳಿಸಬ್ಯಾಡ" ಅಂದಳು.

ಉದ್ಯಾನ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೀನಿ. ಯಾದಗಿರಿಯಲ್ಲಿ ಬೆಳಗಿನ ಜಾವ ಇಳಿದು, ಶಹಾಪುರದ ಮೇಲೆ ಬಸ್ಸು. ಎರಡು ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟಿನಲ್ಲಿವೆ.